23 ವರ್ಷ ತಡವಾಗಿ ಬಂದ ಪದಕ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಯುದ್ಧಕಾಲದ ಶೌರ್ಯಕ್ಕೆ ನಮ್ಮ ದೇಶ ಕೊಡುವ ದೊಡ್ಡ ಪದಕಗಳು ಮೂರು. ಮೊದಲನೆಯದು ಪರಮವೀರ ಚಕ್ರ, ಎರಡನೆಯದು ಮಹಾವೀರ ಚಕ್ರ, ಮೂರನೆಯದು ವೀರ ಚಕ್ರ. 1965ರ ಯುದ್ಧದ ಪದಕಗಳು ಬಹುಮಟ್ಟಿಗೆ ಯುದ್ಧ ಮುಗಿದ ಹೊಸತರಲ್ಲೇ ಘೋಷಣೆಯಾದವು. ಒಂದು ಮಹಾವೀರ ಚಕ್ರ ಮಾತ್ರ 1988ರಲ್ಲಿ ಬಂತು. ಪದಕ ಪಡೆಯಬೇಕಾದವರು ತೀರಿಹೋಗಿ ಆಗಲೇ 23 ವರ್ಷ ಕಳೆದಿತ್ತು. ಅವರು ಕೊಡಗಿನ ಯುದ್ಧ ವಿಮಾನ ಪೈಲಟ್, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ಇಷ್ಟು ತಡವಾಗಿದ್ದೇಕೆ? ಅವರು ಮಾಡಿದ ಸಾಹಸ ಭಾರತದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಯಾರೂ ಅದನ್ನು ಕಣ್ಣಾರೆ ನೋಡಿರಲಿಲ್ಲ. ನೋಡಿದವರು ಇದ್ದದ್ದು ಗಡಿಯ ಆಚೆ. ಆ ಸುದ್ದಿ ಗಡಿ ದಾಟಿ ಬರಲು 14 ವರ್ಷ ಬೇಕಾಯಿತು. ಬಂದ ಸುದ್ದಿಯನ್ನು ತಾಳೆ ನೋಡಿ, ಒಪ್ಪಿ, ಪದಕ ಕೊಡಲು ಮತ್ತೆ 9 ವರ್ಷ ಹಿಡಿಯಿತು.

ದೇವಯ್ಯ ಅವರ ಕಥೆ ಈಗ ಮೊಬೈಲ್‌ಗಳಲ್ಲಿ ಸಾಕಷ್ಟು ಓಡಾಡುತ್ತಿದೆ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾಕ್ಕೂ ಇದೇ ಘಟನೆ ಆಧಾರ. ಆದರೆ ಅದರಲ್ಲಿ ನಾಯಕನ ಹೆಸರು ಬೇರೆ. ಸಿನಿಮಾ ಎಂದಮೇಲೆ ಕಲ್ಪನೆಯೂ ಸೇರಿರುತ್ತದೆ. ಹಾಗಾಗಿ ನಿಜವಾದ ಹೆಸರು, ನಿಜವಾದ ಊರು, ದಾಖಲೆಯಲ್ಲಿರುವ ಸಂಗತಿ ಇವಿಷ್ಟನ್ನು ಒಂದೆಡೆ ಬರೆದಿಡೋಣ ಅನ್ನಿಸಿತು.

ಕೊಡಗಿನ ಹುಡುಗ

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಕೊಡವರ ಹೆಸರಿನ ಕ್ರಮ ಗೊತ್ತಿಲ್ಲದವರಿಗೆ ಅವರ ಪೂರ್ಣ ಹೆಸರು ಸ್ವಲ್ಪ ಗೊಂದಲ ತರಬಹುದು. ಮೊದಲು ಬರುವ ಅಜ್ಜಮಾಡ ಎಂಬುದು ಒಕ್ಕದ ಹೆಸರು, ಅಂದರೆ ಮನೆತನ. ನಡುವಿನ ಬೋಪಯ್ಯ ತಂದೆಯ ಹೆಸರು. ಕೊನೆಯ ದೇವಯ್ಯ ಅವರದೇ ಹೆಸರು. ಇಂಗ್ಲಿಷ್ ಪುಸ್ತಕಗಳಲ್ಲಿ ‘ಎ.ಬಿ. ದೇವಯ್ಯ’ ಎಂದಿರುವುದು ಇವರೇ.

ಅವರು ಹುಟ್ಟಿದಾಗ ಕೊಡಗು ಬ್ರಿಟಿಷರ ಆಡಳಿತದ ಪ್ರತ್ಯೇಕ ಪ್ರಾಂತ್ಯವಾಗಿತ್ತು. 1954ರಲ್ಲಿ ಅವರು ಭಾರತೀಯ ವಾಯುಪಡೆಗೆ ಪೈಲಟ್ ಅಧಿಕಾರಿಯಾಗಿ ಸೇರಿದಾಗ ಕೊಡಗು ಸ್ವತಂತ್ರ ಭಾರತದ ಒಂದು ಚಿಕ್ಕ ರಾಜ್ಯ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಕೊಡಗಿನಲ್ಲಿ ಸೈನ್ಯಕ್ಕೆ ಸೇರುವುದು ಮನೆಮನೆಯ ಮಾತು. ಸ್ವತಂತ್ರ ಭಾರತದ ಭೂಸೇನೆಗೆ 1949ರಲ್ಲಿ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪ ಅಲ್ಲಿಯವರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ ಅಲ್ಲಿಯವರು. ಕೋವಿಯನ್ನೂ ಕತ್ತಿಯನ್ನೂ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ. 1965ರ ಯುದ್ಧ ಕಾವೇರಿದ್ದೂ ಅದೇ ದಿನಗಳಲ್ಲಿ.

ಯುದ್ಧ ಶುರುವಾಗುವ ಹೊತ್ತಿಗೆ ದೇವಯ್ಯ ಅನುಭವಿ ಪೈಲಟ್. ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರ ಹುದ್ದೆಯಲ್ಲಿದ್ದರು. ವಯಸ್ಸು 32. ಮದುವೆಯಾಗಿತ್ತು. ಯುದ್ಧದ ಕರೆ ಬಂದಾಗ ಅವರನ್ನು ವಾಯುಪಡೆಯ 1ನೇ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. ‘ಟೈಗರ್ಸ್’ ಎಂದು ಹೆಸರಾದ ಆ ತುಕಡಿ ಆಗ ಪಂಜಾಬಿನ ಜಲಂಧರ್ ಹತ್ತಿರದ ಆದಂಪುರ ವಾಯುನೆಲೆಯಲ್ಲಿತ್ತು. ಅದರ ಮುಖ್ಯಸ್ಥರು ವಿಂಗ್ ಕಮಾಂಡರ್ ಓ.ಪಿ. ತನೇಜಾ.

ಯುದ್ಧ ಹೇಗೆ ಬಂತು?

1965ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಸಾವಿರಾರು ನುಸುಳುಕೋರರನ್ನು ಕಾಶ್ಮೀರದೊಳಕ್ಕೆ ಕಳಿಸಿತು. ಅಲ್ಲಿನ ಜನ ದಂಗೆ ಏಳುತ್ತಾರೆಂಬುದು ಲೆಕ್ಕಾಚಾರ. ಜನ ಏಳಲಿಲ್ಲ. ಸೆಪ್ಟೆಂಬರ್ 1ರಂದು ಪಾಕಿಸ್ತಾನ ಛಾಂಬ್ ಪ್ರದೇಶಕ್ಕೆ ಟ್ಯಾಂಕ್‌ಗಳನ್ನು ನುಗ್ಗಿಸಿತು. ಅಖ್ನೂರು ಕೈತಪ್ಪಿದರೆ ಕಾಶ್ಮೀರದ ಕೆಲವು ಭಾಗಗಳಿಗೆ ಹೋಗುವ ನಮ್ಮ ದಾರಿಯೇ ಕಡಿದುಹೋಗುವ ಅಪಾಯವಿತ್ತು. ಅಂದು ಸಂಜೆಯೇ ನಮ್ಮ ವಾಯುಪಡೆ ಕಣಕ್ಕಿಳಿಯಿತು. ಮೊದಲ ದಿನವೇ ಹಳೆಯ ಕಾಲದ ನಾಲ್ಕು ವ್ಯಾಂಪೈರ್ ವಿಮಾನಗಳನ್ನು ಕಳೆದುಕೊಂಡಿತು.

ಸೆಪ್ಟೆಂಬರ್ 6ರಂದು ಭಾರತದ ಸೇನೆ ಪಂಜಾಬಿನಲ್ಲಿ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರ್ ಕಡೆ ಹೊರಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳು ಸುಟ್ಟುಹೋದವು. ಅದು ನಮಗೆ ಬಿದ್ದ ದೊಡ್ಡ ಪೆಟ್ಟು.

ಆ ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ಈ ಮೂರೂ ನೆಲೆಗಳ ಹತ್ತಿರ ಪಾಕಿಸ್ತಾನ ಪ್ಯಾರಾಚೂಟ್‌ಗಳಲ್ಲಿ ಕಮಾಂಡೊಗಳನ್ನು ಇಳಿಸಿತು. ಒಂದೊಂದು ತಂಡದಲ್ಲಿ ಸುಮಾರು 60 ಮಂದಿ. ನೆಲೆಗಳಿಗೆ ನುಗ್ಗಿ ವಿಮಾನ ನಾಶ ಮಾಡುವುದು ಅವರಿಗೆ ವಹಿಸಿದ್ದ ಕೆಲಸ. ಕತ್ತಲಲ್ಲಿ ಕಬ್ಬು, ಜೋಳದ ಹೊಲಗಳ ನಡುವೆ ಅವರು ಚೆದುರಿಹೋದರು. ಮುಂದಿನ ದಿನಗಳಲ್ಲಿ ಬಹಳಷ್ಟು ಜನ ಸಿಕ್ಕಿಬಿದ್ದರು. ಅವರನ್ನು ಹುಡುಕಿ ಹಿಡಿಯುವುದರಲ್ಲಿ ಸೈನಿಕರು, ಪೊಲೀಸರ ಜೊತೆಗೆ ಪಂಜಾಬಿನ ಹಳ್ಳಿಯ ರೈತರ ಪಾಲೂ ದೊಡ್ಡದು. ಯುದ್ಧದ ಚರಿತ್ರೆಯಲ್ಲಿ ಹಳ್ಳಿಯವರ ಹೆಸರು ಅಪರೂಪಕ್ಕೆ ಬರುವುದರಿಂದ ಇದನ್ನೂ ಹೇಳಬೇಕು.

ಹೊರಗೆ ಇಷ್ಟೆಲ್ಲ ನಡೆಯುತ್ತಿದ್ದ ಹೊತ್ತಿನಲ್ಲೇ ಆದಂಪುರ ನೆಲೆಯ ಒಳಗೆ ಬೆಳಗಿನ ದಾಳಿಗೆ ತಯಾರಿ ನಡೆದಿತ್ತು.

ಗುರಿ: ಸರ್ಗೋಧಾ

ಸರ್ಗೋಧಾ ಪಾಕಿಸ್ತಾನದ ಪಂಜಾಬಿನಲ್ಲಿದೆ. ಆ ದೇಶದ ವಾಯುಪಡೆಗೆ ಅದು ಬೆನ್ನೆಲುಬಿನಂಥ ನೆಲೆ. ಅವರ ಅತ್ಯುತ್ತಮ ವಿಮಾನಗಳು ಅಲ್ಲಿದ್ದವು, ಸುತ್ತ ವಿಮಾನ ನಿರೋಧಕ ತುಪಾಕಿಗಳ ಕಾವಲಿತ್ತು. ಹಿಂದಿನ ಸಂಜೆಯ ಪೆಟ್ಟಿಗೆ ಉತ್ತರ ಕೊಡಬೇಕೆಂದರೆ ಅಲ್ಲಿಗೇ ಹೋಗಬೇಕಿತ್ತು.

ಆದಂಪುರದಿಂದ ಸರ್ಗೋಧಾಕ್ಕೆ ನೇರ ದಾರಿ ಸುಮಾರು 300 ಕಿಲೋಮೀಟರ್. ಇವತ್ತಿನ ವಿಮಾನಗಳಿಗೆ ಇದು ದೂರವೇ ಅಲ್ಲ. 1ನೇ ಸ್ಕ್ವಾಡ್ರನ್ ಹಾರಿಸುತ್ತಿದ್ದ ಮಿಸ್ಟೇರ್ ವಿಮಾನಕ್ಕೆ ಮಾತ್ರ ಅದು ಹೆಚ್ಚೂಕಡಿಮೆ ತಾಕತ್ತಿನ ಅಂಚು. ರೇಡಾರ್ ಕಣ್ಣಿಗೆ ಬೀಳದಿರಲು ಮರದ ತುದಿಗೆ ತಾಗುವಷ್ಟು ಕೆಳಗೆ ಹಾರಬೇಕು. ಜೆಟ್ ವಿಮಾನ ಕೆಳಗೆ ಹಾರಿದಷ್ಟೂ ಇಂಧನ ಹೆಚ್ಚು ಕುಡಿಯುತ್ತದೆ. ಹೋಗಿ, ಒಮ್ಮೆ ಹೊಡೆದು, ನೇರ ಹಿಂತಿರುಗಿದರೆ ಮಾತ್ರ ಮನೆ ಮುಟ್ಟಬಹುದು. ದಾರಿಯಲ್ಲಿ ಶತ್ರು ವಿಮಾನದೊಡನೆ ಸೆಣಸುತ್ತ ನಿಂತರೆ ಹಿಂದಿರುಗಲು ಇಂಧನ ಸಾಲದು. ಇದು ಹೊರಟ ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿದ್ದ ಸಂಗತಿ.

ಮಿಸ್ಟೇರ್ ಫ್ರಾನ್ಸ್‌ನ ಡಸಾಲ್ಟ್ ಕಂಪನಿಯ ವಿಮಾನ. ನಮಗೆ ಮಿರಾಜ್, ರಫೇಲ್ ಕೊಟ್ಟದ್ದೂ ಅದೇ ಕಂಪನಿ. 1950ರ ದಶಕದ ಕೊನೆಯಲ್ಲಿ ಭಾರತ ಇಂಥ ನೂರಕ್ಕೂ ಹೆಚ್ಚು ವಿಮಾನಗಳನ್ನು ಕೊಂಡಿತ್ತು. ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ಮೂತಿಯಲ್ಲಿ 30 ಮಿಲಿಮೀಟರ್‌ನ ಎರಡು ಫಿರಂಗಿ. ನೆಲದ ಗುರಿಗಳಿಗೆ ಹೊಡೆಯಲು ಒಳ್ಳೆಯ, ಗಟ್ಟಿಮುಟ್ಟಾದ ವಿಮಾನ. ಆಕಾಶದ ಕಾಳಗಕ್ಕೆ 1965ರ ಹೊತ್ತಿಗೆ ಅದು ಹಳತಾಗುತ್ತಿತ್ತು.

ಸೆಪ್ಟೆಂಬರ್ 7ರ ನಸುಕಿನ ದಾಳಿಗೆ ಗೊತ್ತುಮಾಡಿದ್ದು 12 ಮಿಸ್ಟೇರ್‌ಗಳನ್ನು. ಯಾವುದಾದರೂ ಕೈಕೊಟ್ಟರೆ ಎಂದು ಜೊತೆಗೆ ಎರಡು ವಿಮಾನಗಳನ್ನು ಕಾದಿರಿಸಿದ್ದರು. ದೇವಯ್ಯ ಇದ್ದದ್ದು ಕಾದಿರಿಸಿದವರ ಪಟ್ಟಿಯಲ್ಲಿ. ಅಂದರೆ ಎಲ್ಲವೂ ಅಂದುಕೊಂಡಂತೆ ನಡೆದಿದ್ದರೆ ಅವರು ಅಂದು ಸರ್ಗೋಧಾಕ್ಕೆ ಹೋಗಬೇಕಾಗಿರಲಿಲ್ಲ.

ಕತ್ತಲಿನ್ನೂ ಹರಿದಿರಲಿಲ್ಲ. ಒಂದು ವಿಮಾನ ಹಿಂದುಳಿಯಿತು. ಖಾಲಿಯಾದ ಜಾಗಕ್ಕೆ ದೇವಯ್ಯ ಹೋದರು.

ಆಕಾಶದಲ್ಲಿ ನಡೆದದ್ದು

ಬೆಳಕು ಬಿಡುವ ಹೊತ್ತಿಗೆ ಮಿಸ್ಟೇರ್‌ಗಳು ಸರ್ಗೋಧಾ ಮುಟ್ಟಿ ದಾಳಿ ಮಾಡಿ ಪೂರ್ವಕ್ಕೆ ತಿರುಗಿದವು. ಅಷ್ಟರಲ್ಲಿ ಪಾಕಿಸ್ತಾನಿ ವಾಯುಪಡೆ ಎಚ್ಚೆತ್ತಿತ್ತು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪೈಲಟ್ ಎಫ್-104 ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿ ಬಂದರು. ಅವರ ಕಣ್ಣಿಗೆ ಬಿದ್ದದ್ದು ದೇವಯ್ಯ ಅವರ ಮಿಸ್ಟೇರ್.

ಸ್ಟಾರ್‌ಫೈಟರ್ ಎಂದರೆ ಆ ಕಾಲದ ಅದ್ಭುತ. ಅಮೆರಿಕದಲ್ಲಿ ತಯಾರಾದ ಆ ವಿಮಾನ ಎತ್ತರದಲ್ಲಿ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಉದ್ದ 16 ಮೀಟರ್‌ಗೂ ಹೆಚ್ಚು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಮಾತ್ರ ಏಳು ಮೀಟರ್‌ಗೂ ಕಡಿಮೆ. ನೋಡಲು ರಾಕೆಟ್‌ನಂತೆಯೇ ಇದ್ದುದರಿಂದ ‘ಒಳಗೆ ಮನುಷ್ಯ ಕೂತ ಕ್ಷಿಪಣಿ’ ಎಂದೇ ಅದನ್ನು ಕರೆಯುತ್ತಿದ್ದರು. ಗುರಿ ಹಿಂಬಾಲಿಸುವ ಕ್ಷಿಪಣಿ, ಕ್ಷಣಾರ್ಧದಲ್ಲಿ ಗುಂಡಿನ ಮಳೆ ಸುರಿಸುವ 20 ಮಿಲಿಮೀಟರ್ ಫಿರಂಗಿ ಎರಡೂ ಅದರಲ್ಲಿದ್ದವು. ಕಾಗದದ ಮೇಲೆ ನೋಡಿದರೆ ಮಿಸ್ಟೇರ್ ಅದರ ಮುಂದೆ ಜೋಡಿಯೇ ಅಲ್ಲ.

ಅಮ್ಜದ್ ಹುಸೇನ್ ದಾಳಿ ಮಾಡಿದರು. ದೇವಯ್ಯ ಮೊದಲು ತಪ್ಪಿಸಿಕೊಂಡರು. ವೇಗದ ವಿಮಾನ ಮತ್ತೆ ಹತ್ತಿರ ಬಂದು ಗುಂಡು ಹಾರಿಸಿತು. ಮಿಸ್ಟೇರ್‌ಗೆ ಪೆಟ್ಟು ಬಿತ್ತು.

ಪೆಟ್ಟು ತಿಂದ ವಿಮಾನದ ಪೈಲಟ್‌ಗೆ ಆಗ ಉಳಿಯುವ ದಾರಿಗಳು ಕೆಲವೇ. ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಬಹುದು, ಆದರೆ ಕೆಳಗಿರುವುದು ಶತ್ರು ನೆಲ. ಹೇಗೋ ಗಡಿಯತ್ತ ಓಡಬಹುದು, ಆದರೆ ಎರಡು ಪಟ್ಟು ವೇಗದ ವಿಮಾನ ಬೆನ್ನ ಮೇಲಿದೆ. ಮೂರನೆಯದು, ತಿರುಗಿ ನಿಲ್ಲುವುದು. ದೇವಯ್ಯ ತಿರುಗಿ ನಿಂತರು.

ನಮ್ಮ ಹೊಲಗಳ ಮೇಲೆ ಕಾಜಾಣ ಹಕ್ಕಿ ಹದ್ದನ್ನು ಅಟ್ಟಿಸಿಕೊಂಡು ಹೋಗುವುದನ್ನು ನೀವು ನೋಡಿರುತ್ತೀರಿ. ಹದ್ದು ದೊಡ್ಡದು, ಬಲ ಹೆಚ್ಚು. ಆದರೆ ಕಾಜಾಣದಷ್ಟು ಚುರುಕಾಗಿ ಅದು ತಿರುಗಲಾರದು. ಕಾಜಾಣ ಸುತ್ತಿ ಸುತ್ತಿ ಬಂದು ಕುಕ್ಕುತ್ತದೆ. ಸ್ಟಾರ್‌ಫೈಟರ್‌ಗೂ ಇದೇ ತೊಂದರೆ ಇತ್ತು. ಅದರ ಪುಟ್ಟ ರೆಕ್ಕೆಗಳು ನೇರ ಓಟಕ್ಕೆ ಹೇಳಿ ಮಾಡಿಸಿದಂತಿದ್ದವು. ನೆಲಕ್ಕೆ ಹತ್ತಿರ, ನಿಧಾನ ವೇಗದಲ್ಲಿ ಗಿರಕಿ ಹೊಡೆಯುವ ಕಾಳಗದಲ್ಲಿ ಅದು ತಡವರಿಸುತ್ತಿತ್ತು. ಮಿಸ್ಟೇರ್‌ನ ರೆಕ್ಕೆ ಅಗಲ, ಅದು ಬಿಗಿಯಾಗಿ ತಿರುಗಬಲ್ಲದು. ಸ್ಟಾರ್‌ಫೈಟರ್ ಪೈಲಟ್ ತನ್ನ ವೇಗವನ್ನು ಬಿಟ್ಟುಕೊಟ್ಟು ಗಿರಕಿಗೆ ಇಳಿದರೆ ಅವನ ಅನುಕೂಲ ಹೋಯಿತು ಎಂದೇ ಲೆಕ್ಕ. ಎಷ್ಟೋ ಹುಡುಗರಿಗೆ ಹಾರಾಟ ಕಲಿಸಿದ ದೇವಯ್ಯ ಅವರಿಗೆ ಇದು ಗೊತ್ತಿಲ್ಲದ ಪಾಠವಲ್ಲ.

ಜಖಂಗೊಂಡ ಆ ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗುಲಿದವು. ಅದು ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಹಿಂತಿರುಗಲಿಲ್ಲ. ಅವರ ವಿಮಾನವೂ ಪಾಕಿಸ್ತಾನದ ನೆಲದಲ್ಲೇ ಬಿತ್ತು.

‘ಕಾಣೆಯಾಗಿದ್ದಾರೆ’

ಆದಂಪುರದಲ್ಲಿ ಉಳಿದವರು ಒಬ್ಬೊಬ್ಬರಾಗಿ ಬಂದಿಳಿದರು. ದೇವಯ್ಯ ಬರಲಿಲ್ಲ. ಅವರ ಹಿಂದೆ ಯಾರೂ ಇರಲಿಲ್ಲ, ಏನಾಯಿತೆಂದು ನೋಡಿದವರಿಲ್ಲ. ತುಪಾಕಿ ಗುಂಡು ತಗುಲಿತೋ, ಇಂಧನ ಮುಗಿಯಿತೋ, ಕೆಳಗೆ ಹಾರುವಾಗ ನೆಲಕ್ಕೆ ಬಡಿದರೋ, ಶತ್ರುವಿಗೆ ಸೆರೆ ಸಿಕ್ಕರೋ, ಯಾವುದನ್ನೂ ಹೇಳುವಂತಿರಲಿಲ್ಲ. ವಾಯುಪಡೆಯ ಕಡತದಲ್ಲಿ ಅವರ ಹೆಸರಿನ ಮುಂದೆ ಬಿದ್ದದ್ದು ಒಂದೇ ಪದ, ‘ಕಾಣೆಯಾಗಿದ್ದಾರೆ’.

ಸತ್ತರು ಎಂದರೆ ಅತ್ತು ಮುಗಿಸಬಹುದು. ಬದುಕಿದ್ದಾರೆ ಎಂದರೆ ಕಾಯಬಹುದು. ಕಾಣೆಯಾಗಿದ್ದಾರೆ ಎಂದರೆ ಮನೆಯವರು ಎರಡನ್ನೂ ಮಾಡುವಂತಿಲ್ಲ. ಕದನ ವಿರಾಮ ಆಯಿತು. 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಒಪ್ಪಂದವಾಯಿತು. ಯುದ್ಧ ಕೈದಿಗಳು ಎರಡೂ ಕಡೆಯಿಂದ ಊರಿಗೆ ಮರಳಿದರು. ಮರಳಿದವರಲ್ಲಿ ದೇವಯ್ಯ ಇರಲಿಲ್ಲ. ಮುಂದೆ ವಾಯುಪಡೆ ಅವರು ಮೃತಪಟ್ಟಿದ್ದಾರೆಂದು ಘೋಷಿಸಿತು.

ಹಾಗೆ ಮರಳಿದವರಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಇದ್ದರು. ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಯುದ್ಧದ ಕೊನೆಯ ದಿನ ಅವರ ಹಂಟರ್ ವಿಮಾನ ಪಾಕಿಸ್ತಾನದಲ್ಲಿ ಬಿದ್ದು ಸೆರೆಯಾಗಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್‌ಗೆ ಹಿರಿಯ ಕಾರ್ಯಪ್ಪನವರು ಹಳೆಯ ಪರಿಚಯ. ಮಗನನ್ನು ಬಿಡಿಸುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂದು ಅವರು ನಿರಾಕರಿಸಿದ್ದು ಪ್ರಸಿದ್ಧ ಪ್ರಸಂಗ. ಕಿರಿಯ ಕಾರ್ಯಪ್ಪ ಉಳಿದ ಕೈದಿಗಳ ಜೊತೆಗೇ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಒಂದೇ ಜಿಲ್ಲೆಯ ಇಬ್ಬರು ಪೈಲಟ್‌ಗಳು ಒಂದೇ ಯುದ್ಧದಲ್ಲಿ ಗಡಿಯಾಚೆ ಬಿದ್ದರು. ಒಬ್ಬರ ಸುದ್ದಿ ಇಡೀ ದೇಶಕ್ಕೆ ಗೊತ್ತಾಯಿತು. ಇನ್ನೊಬ್ಬರ ಸುದ್ದಿ ಅವರ ಮನೆಯವರಿಗೂ ತಿಳಿಯಲಿಲ್ಲ.

ಲಂಡನ್‌ನಿಂದ ಬಂದ ಸುಳಿವು

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕ ಹೊರಬಂತು. ಹೆಸರು ‘ಬ್ಯಾಟಲ್ ಫಾರ್ ಪಾಕಿಸ್ತಾನ್’. 1965ರ ವಾಯು ಯುದ್ಧದ ಬಗ್ಗೆ ಪಾಕಿಸ್ತಾನಿ ವಾಯುಪಡೆಯ ನೆರವು ಪಡೆದು ಬರೆದ ಪುಸ್ತಕವದು. ಹಾಗಾಗಿ ಅದರಲ್ಲಿ ಆ ಕಡೆಯ ಹೊಗಳಿಕೆ ಧಾರಾಳವಾಗಿಯೇ ಇತ್ತು. ಆದರೆ ಆ ಕಡೆಯ ದಾಖಲೆ ನೋಡಿ, ಪೈಲಟ್‌ಗಳನ್ನು ಮಾತಾಡಿಸಿ ಬರೆದದ್ದರಿಂದ ಭಾರತಕ್ಕೆ ಗೊತ್ತಿಲ್ಲದ ವಿವರಗಳೂ ಸಿಕ್ಕವು. ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾ ದಾಳಿಯ ಹೊತ್ತಿನಲ್ಲಿ ಒಂದು ಸ್ಟಾರ್‌ಫೈಟರ್, ಮಿಸ್ಟೇರ್ ಒಂದರ ಜೊತೆಗಿನ ಕಾಳಗದಲ್ಲಿ ಬಿತ್ತು ಎಂಬುದು ಅಂಥ ಒಂದು ವಿವರ.

ಇದನ್ನು ಓದಿದ ಭಾರತೀಯ ವಾಯುಪಡೆಯವರಿಗೆ ಆಶ್ಚರ್ಯ. ಏಕೆಂದರೆ ಅಂದು ಮರಳಿ ಬಂದ ಮಿಸ್ಟೇರ್ ಪೈಲಟ್‌ಗಳಲ್ಲಿ ಯಾರೂ ತಾವು ಸ್ಟಾರ್‌ಫೈಟರ್ ಹೊಡೆದೆವೆಂದು ಹೇಳಿರಲಿಲ್ಲ. ಹೊಡೆದಿದ್ದರೆ ಹೇಳದೆ ಇರುತ್ತಿದ್ದರೇ? ಮಿಸ್ಟೇರ್‌ನಂಥ ವಿಮಾನದಲ್ಲಿ ಸ್ಟಾರ್‌ಫೈಟರ್ ಬೀಳಿಸುವುದೆಂದರೆ ಸಾಮಾನ್ಯ ಮಾತಲ್ಲ. ಹಾಗಾದರೆ ಹೊಡೆದವರು ಮರಳಿ ಬಾರದವರೇ ಆಗಿರಬೇಕು. ಮರಳಿ ಬಾರದವರು ಒಬ್ಬರೇ, ದೇವಯ್ಯ.

ಲೆಕ್ಕ ಇಷ್ಟು ಸರಳ. ಆದರೆ ಆ ಲೆಕ್ಕದ ಅರ್ಧ ಭಾರತದಲ್ಲಿತ್ತು, ಅರ್ಧ ಪಾಕಿಸ್ತಾನದಲ್ಲಿತ್ತು. ‘ನಮ್ಮ ಒಬ್ಬ ಪೈಲಟ್ ಬರಲಿಲ್ಲ’ ಎಂಬುದು ನಮಗೆ ಗೊತ್ತು. ‘ನಮ್ಮ ಒಂದು ಸ್ಟಾರ್‌ಫೈಟರ್ ಬಿತ್ತು’ ಎಂಬುದು ಅವರಿಗೆ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ತನಕ ದೇವಯ್ಯ ಅವರ ಸಾಹಸ ಕತ್ತಲಲ್ಲೇ ಇತ್ತು.

ಪದಕ ಕೊಡುವುದಕ್ಕೆ ಒಂದು ಕ್ರಮವಿದೆ. ಕಂಡವರ ಹೇಳಿಕೆ ಬೇಕು, ಮೇಲಧಿಕಾರಿಯ ಶಿಫಾರಸು ಬೇಕು, ನಂತರ ಸರ್ಕಾರ, ರಾಷ್ಟ್ರಪತಿಯ ಒಪ್ಪಿಗೆ ಬೇಕು. ಇಲ್ಲಿ ಕಂಡವರೇ ಎದುರಾಳಿ. ಯುದ್ಧ ಮುಗಿದು ದಶಕಗಳೇ ಕಳೆದಿವೆ. ಇಂಥ ಪ್ರಕರಣವನ್ನು ಕಡತದಲ್ಲೇ ಮುಚ್ಚಿಡುವುದು ಸುಲಭವಿತ್ತು. ಹಾಗಾಗಲಿಲ್ಲ. ಅಂದಿನ ದಾಳಿಯ ನೇತೃತ್ವ ವಹಿಸಿದ್ದ ತನೇಜಾ ಅವರ ಮಾತೂ ಈ ಪ್ರಕರಣಕ್ಕೆ ಬಲ ಕೊಟ್ಟಿತು. 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪದಕ ಸ್ವೀಕರಿಸಿದ್ದು ಅವರ ಪತ್ನಿ.

ಮಹಾವೀರ ಚಕ್ರ ಬೆಳ್ಳಿಯ ಪದಕ. ಅದರ ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಅವರ ಮನೆಗೆ ಅದು ಒಂದು ಉತ್ತರವೂ ಆಗಿತ್ತು. 1965ರ ಸೆಪ್ಟೆಂಬರ್ 7ರಂದು ಏನಾಯಿತು ಎಂಬ ಪ್ರಶ್ನೆಗೆ 23 ವರ್ಷಗಳ ಮೇಲೆ ಸರ್ಕಾರವೇ ಕೊಟ್ಟ ಉತ್ತರ.

ಆ ಕಡೆಯ ಹಳ್ಳಿ

ದೇವಯ್ಯ ಅವರ ದೇಹ ಏನಾಯಿತು? ಇದಕ್ಕೂ ಉತ್ತರ ಬಂದದ್ದು ಪಾಕಿಸ್ತಾನದ ಕಡೆಯಿಂದಲೇ, ಬಹಳ ತಡವಾಗಿ. ಸರ್ಗೋಧಾದಿಂದ ಹೆಚ್ಚು ದೂರವಲ್ಲದ ಹೊಲವೊಂದರಲ್ಲಿ ಹಳ್ಳಿಯವರಿಗೆ ಅವರ ದೇಹ ಸಿಕ್ಕಿತು, ಅವರೇ ಅದನ್ನು ಅಲ್ಲಿ ಹೂತರು ಎಂದು ಅಲ್ಲಿಂದ ತಿಳಿದುಬಂತು.

ಅಲ್ಲಿನ ರೈತರಿಗೆ ಅವರು ತಮ್ಮ ನೆಲದ ಮೇಲೆ ದಾಳಿ ಮಾಡಿದ ದೇಶದವರು. ಆದರೂ ಸತ್ತವನಿಗೆ ಮಣ್ಣು ಕೊಟ್ಟರು. ಆ ಮಣ್ಣಿನಲ್ಲಿ ಕೊಡಗಿನ ಒಬ್ಬ ಮಗ ಮಲಗಿದ್ದಾನೆ ಎಂಬುದು ಅವರಿಗೆ ಗೊತ್ತಾಗುವಂತೆಯೂ ಇರಲಿಲ್ಲ.

ಅಮ್ಜದ್ ಹುಸೇನ್ ಅವರ ಕಥೆಯೂ ಮುಂದುವರಿಯಿತು. 1971ರ ಡಿಸೆಂಬರ್‌ನಲ್ಲಿ ಮತ್ತೆ ಯುದ್ಧವಾದಾಗ ಅವರು ಸ್ಟಾರ್‌ಫೈಟರ್‌ನಲ್ಲೇ ಅಮೃತಸರದ ರೇಡಾರ್ ಮೇಲೆ ದಾಳಿಗೆ ಬಂದರು. ನಮ್ಮ ತುಪಾಕಿಗಳು ವಿಮಾನ ಬೀಳಿಸಿದವು. ಅವರು ಮತ್ತೆ ಪ್ಯಾರಾಚೂಟ್‌ನಲ್ಲಿ ಇಳಿದು ಭಾರತದಲ್ಲಿ ಯುದ್ಧ ಕೈದಿಯಾದರು. ಆಗ ಅವರು ನಮ್ಮ ಕೈಯಲ್ಲೇ ಇದ್ದರು. ಆದರೆ 1965ರ ಆ ಬೆಳಗಿನ ಸಂಗತಿ ಅವರಿಗೆ ಗೊತ್ತಿದೆ ಎಂಬ ಸುಳಿವು ಆಗ ಭಾರತಕ್ಕೆ ಇನ್ನೂ ಸಿಕ್ಕಿರಲಿಲ್ಲ.

ಇದರಿಂದ ನಮಗೆ ಏನು?

ಈಗ ಮಡಿಕೇರಿಯಲ್ಲಿ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವಿದೆ, ಪ್ರತಿಮೆ ಇದೆ. ಬಸ್ಸಿಗೆ ಕಾಯುವವರು, ಸಂತೆಗೆ ಬಂದವರು ಅದರ ಮುಂದೆಯೇ ಓಡಾಡುತ್ತಾರೆ. ಕೊಡಗಿನ ಹೊರಗೆ ಮಾತ್ರ ಕರ್ನಾಟಕದ ಎಷ್ಟೋ ಶಾಲಾ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲ. ಸಿನಿಮಾ ನೋಡಿದವರಿಗೆ ಸಾಹಸ ಗೊತ್ತು, ಹೆಸರು ಗೊತ್ತಿಲ್ಲ.

ಈ ಕಥೆ ಹೇಳುವಾಗ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಒಬ್ಬರೇ ಹೋಗಿ ಇಡೀ ನೆಲೆ ಸುಟ್ಟರು ಎನ್ನಬೇಕಿಲ್ಲ. ಹೋದದ್ದು ಒಂದು ತಂಡ, ಅದರಲ್ಲಿ ಅವರು ಒಬ್ಬರು. ಬದಲಿ ಆಟಗಾರನಂತೆ ಕೊನೆ ಗಳಿಗೆಯಲ್ಲಿ ಸೇರಿದವರು. ಹಳೆಯ ವಿಮಾನ, ತುಂಬಿದ್ದಷ್ಟೇ ಇಂಧನ, ಪೆಟ್ಟು ಬಿದ್ದ ಯಂತ್ರ, ಎದುರಿಗೆ ಆ ಕಾಲದ ಅತಿ ವೇಗದ ಯುದ್ಧ ವಿಮಾನ. ಇಷ್ಟಿದ್ದೂ ಅವರು ತಿರುಗಿ ನಿಂತರು. ದಾಖಲೆ ಹೇಳುವ ಇಷ್ಟೇ ಸಾಕು. ಇದಕ್ಕಿಂತ ಹೆಚ್ಚು ಸೇರಿಸಿದರೆ ನಾಳೆ ಯಾರೋ ಆ ಸೇರಿಸಿದ್ದು ಸುಳ್ಳೆಂದು ತೋರಿಸುತ್ತಾರೆ, ಆಗ ನಿಜದ ಮೇಲೂ ಅನುಮಾನ ಬರುತ್ತದೆ.

ಎರಡನೆಯ ಮಾತು, ಎದುರಾಳಿ ಬರೆದದ್ದನ್ನು ಓದುವುದರ ಬಗ್ಗೆ. ಪಾಕಿಸ್ತಾನದ ನೆರವಿನಿಂದ ಬರೆದ ಪುಸ್ತಕವೆಂದು ಆಗ ಎಲ್ಲರೂ ಅದನ್ನು ಪಕ್ಕಕ್ಕೆ ಎಸೆದಿದ್ದರೆ ದೇವಯ್ಯ ಇವತ್ತಿಗೂ ‘ಕಾಣೆಯಾದವರು’. ಎಲ್ಲವನ್ನೂ ನಂಬಬೇಕೆಂದಿಲ್ಲ. ಓದಿ, ನಮ್ಮ ದಾಖಲೆಯ ಜೊತೆ ತಾಳೆ ನೋಡಬೇಕು. ವಾಯುಪಡೆಯವರು ಮಾಡಿದ್ದು ಅದನ್ನೇ. ಊರಿನ ಜಮೀನು ತಕರಾರಿನಲ್ಲೂ ನಾವು ಎರಡೂ ಕಡೆಯವರ ಪತ್ರ ತರಿಸಿ ನೋಡುತ್ತೇವೆ. ಯುದ್ಧದ ಚರಿತ್ರೆಗೆ ಬೇರೆ ನಿಯಮವೇಕೆ?

ಮೂರನೆಯದು, ಕಾಣೆಯಾದವರ ಮನೆಗಳ ಬಗ್ಗೆ. 1965, 1971ರ ಯುದ್ಧಗಳಲ್ಲಿ ಕಾಣೆಯಾದ ಭಾರತೀಯ ಸೈನಿಕರ ಮನೆಯವರಲ್ಲಿ ಹಲವರಿಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ‘ಮಿಸ್ಸಿಂಗ್ 54’ ಎಂದು ಪತ್ರಿಕೆಗಳಲ್ಲಿ ಆಗಾಗ ಬರುವುದು ಅವರದೇ ಸುದ್ದಿ. ದೇವಯ್ಯ ಅವರ ಮನೆಗೆ ತಡವಾಗಿಯಾದರೂ ಉತ್ತರ ಬಂತು. ಒಬ್ಬ ಲೇಖಕ ಕೇಳಿದ, ಆ ಕಡೆಯವರು ಹೇಳಿದರು, ಅದು ಅಚ್ಚಾಯಿತು, ಈ ಕಡೆಯವರು ಓದಿದರು. ಈ ನಾಲ್ಕರಲ್ಲಿ ಒಂದು ತಪ್ಪಿದ್ದರೂ ಉತ್ತರ ಇಲ್ಲ.

ನಿಮ್ಮ ಊರಿನಲ್ಲೂ ಸೈನ್ಯದಲ್ಲಿ ಇದ್ದು ಬಂದವರಿರಬಹುದು, ಹೋಗಿ ಬಾರದವರ ಮನೆ ಇರಬಹುದು. ಅವರ ಕಥೆ ಊರಿನ ಬಾಯಲ್ಲಿ ಮಾತ್ರ ಇದ್ದರೆ ಇನ್ನೊಂದು ತಲೆಮಾರಿಗೆ ಅಳಿಸಿಹೋಗುತ್ತದೆ, ಇಲ್ಲವೇ ಬಣ್ಣ ಹಚ್ಚಿಕೊಂಡು ಬೇರೆಯೇ ಆಗುತ್ತದೆ. ಅವರ ಸರ್ವಿಸ್ ನಂಬರ್, ರೆಜಿಮೆಂಟ್ ಅಥವಾ ಸ್ಕ್ವಾಡ್ರನ್ ಹೆಸರು, ಸೇರಿದ ವರ್ಷ, ಬರೆದ ಕಾಗದ, ಬಂದ ತಂತಿ, ಹಳೆಯ ಫೋಟೊದ ಹಿಂದಿನ ಬರಹ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ. ಪಿಂಚಣಿ, ಪದಕದ ವಿಷಯ ಏನಾದರೂ ಇದ್ದರೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ಈ ವಿವರಗಳು ಕೈಯಲ್ಲಿದ್ದರೆ ಕೆಲಸ ಸಲೀಸು.

ಸೆಪ್ಟೆಂಬರ್ 7 ಪ್ರತಿ ವರ್ಷ ಬರುತ್ತದೆ. ಅಂದು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ನಿಮಿಷ ಸಿಕ್ಕರೂ ಈ ಹೆಸರನ್ನು ಮಕ್ಕಳಿಗೆ ಹೇಳಬಹುದು. ಪೂರ್ತಿ ಹೆಸರನ್ನೇ ಹೇಳಿ: ಅಜ್ಜಮಾಡ ಬೋಪಯ್ಯ ದೇವಯ್ಯ.